ಅವ್ವ ಕೂರುವ ಸೀಟು

ಅವ್ವ ಜುಲೈನಲ್ಲೇ ಹೇಳಿದ್ದಳು. "ತಮ್ಮಾ, ಹಿಂದ ಗಾಡಿ ನಡಗಾಕತ್ತೈತಿ. ಎಲಿಗೆ ಸುಣ್ಣಾ ಹಚ್ಚಾಕ ಬರವಲ್ದು ನೋಡು."

ಆಗ ನಾವು ಶಿಗ್ಗಾಂವಿ ದಾಟಿ ಹಾವೇರಿ ಕಡೆ ಹೊರಟಿದ್ದೆವು. ಅಕ್ಕನ ಮನೆ ಹಾವೇರಿಯಲ್ಲಿದೆ. ತಿಂಗಳಿಗೊಮ್ಮೆ ಅವ್ವನನ್ನು ಹುಬ್ಬಳ್ಳಿಯಿಂದ ಅಲ್ಲಿಗೆ ಕರೆದುಕೊಂಡು ಹೋಗುವುದು ರೂಢಿ. ಸ್ಟೇರಿಂಗ್ ನನ್ನ ಕೈಯಲ್ಲಿ ಒಂಚೂರೂ ಅಲುಗುತ್ತಿರಲಿಲ್ಲ. "ರಸ್ತೆ ಹಂಗ ಐತಿ ಬೇ" ಎಂದೆ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಎಲೆ-ಅಡಿಕೆ ಸಂಚಿ ಮಡಚಿ ಪಕ್ಕಕ್ಕಿಟ್ಟಳು.

ಆಗಸ್ಟ್‌ನಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಅಣ್ಣಿಗೇರಿ ಹತ್ತಿರದ ನಮ್ಮ ಹೊಲಕ್ಕೆ ಹೋಗಿದ್ದಾಗ ಮಳೆ ಹಿಡಿಯಿತು. ಎರೆ ಹೊಲದ ದಾರಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲ ಹನಿಗೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಕಾರು ಅರ್ಧ ಗಾಲಿ ಹೂತು ನಿಂತಿತು. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಎಳೆದು ಹಾಕಿದರು. ಮನೆಗೆ ಬಂದು ಪೈಪ್ ಹಿಡಿದು ತೊಳೆದೆ. ಹೊರಗಿನಿಂದ ಫಳಫಳ ಅಂತಿತ್ತು.

ಮರುದಿನ ಹೈವೇಗೆ ಹೋದರೆ ಬೇರೆಯೇ ಕಥೆ. 60ರವರೆಗೆ ಏನೂ ಇಲ್ಲ. 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗಲು ಶುರು. 90ರಲ್ಲಿ ಮೊಣಕೈವರೆಗೂ ಜುಮ್ ಅನ್ನುವಷ್ಟು. 70ಕ್ಕೆ ಇಳಿಸಿದರೆ ಮತ್ತೆ ಶಾಂತ. ಈ ಸಲ ನಾನು ತಡ ಮಾಡಲಿಲ್ಲ. ನನ್ನ ಕೈ ನಡುಗಿತ್ತಲ್ವಾ!

ಮೊದಲು ಒಂದು ಟೈರ್ ಅಂಗಡಿಗೆ ಹೋದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡನ್ನೂ ಮಾಡಿದರು. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ತಿಳಿಯದೆ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅಲೈನ್‌ಮೆಂಟ್ (ಗಾಲಿಗಳು ನಿಲ್ಲುವ ಕೋನ) ಕೆಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಬದಿಗೆ ಸವೆಯುತ್ತದೆ. ವೇಗದಲ್ಲಿ ನಡುಕ ಬರುವುದಕ್ಕೆ ಅದು ನೇರ ಕಾರಣ ಅಲ್ಲ. ನಡುಕಕ್ಕೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಗಾಲಿಯ ತೂಕ ಸುತ್ತಲೂ ಒಂದೇ ಸಮ ಆಗುವಂತೆ ರಿಮ್ಮಿಗೆ ಸಣ್ಣ ವೇಟ್ ಬಡಿಯುವುದು. ಅದನ್ನು ಅವರು ಮಾಡಿದ್ದರು, ನಿಜ. ಎರಡು ದಿನ ಕಾರು ಬೆಣ್ಣೆಯಂತೆ ಓಡಿತು. ಮೂರನೇ ದಿನ ನಡುಕ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ.

ಇನ್ನೊಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ಇಂಜಿನ್ನಿನ ಎಳೆತವನ್ನು ಗಾಲಿಗೆ ಮುಟ್ಟಿಸುವ ಡ್ರೈವ್ ಶಾಫ್ಟ್ ಹೋಗಿದೆ, ಇಂಜಿನ್ ಕೂರುವ ರಬ್ಬರ್ ಮೌಂಟಿಂಗೂ ಬದಲಿಸಬೇಕು ಎಂದರು. 14 ಸಾವಿರದ ಲೆಕ್ಕ ಬರೆದುಕೊಟ್ಟರು. ಗಾಡಿ ಓಡಿಸಿ ನೋಡಲೇ ಇಲ್ಲ. ಅದೇ ನನಗೆ ಸರಿ ಬರಲಿಲ್ಲ. ಓಡುವಾಗ ಬರುವ ಕಾಯಿಲೆಯನ್ನು ನಿಂತಾಗ ಹೇಗೆ ಹೇಳುತ್ತಾರೆ?

ಗೋಕುಲ ರಸ್ತೆಯ ಒಳಗಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಪಾನಾ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಎಷ್ಟು ಸ್ಪೀಡಿಗೆ? ಬ್ರೇಕ್ ಹಿಡಿದಾಗ ಹೆಚ್ಚಾಗುತ್ತಾ? ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ? ಕೈಗೆ ಬರುತ್ತಾ, ಕುಂತಲ್ಲಿ ಬರುತ್ತಾ? ಕೊನೆಗೆ, "ಹಿಂದ ಯಾರ್ ಕೂಡ್ತಾರ್ರಿ? ಅವರೇನಂತಾರ?"

ಅವ್ವನ ಮಾತು ನನಗೆ ಆಗ ನೆನಪಾಯಿತು.

ಭಾನುವಾರ ಬೆಳಿಗ್ಗೆ 6 ಗಂಟೆಗೆ, ಗಾಡಿಗಳು ಕಡಿಮೆ ಇರುವಾಗ, ವರೂರು ಕಡೆಗೆ ಹೊರಟೆವು. ಚಾಚಾ ತಾವೇ ಓಡಿಸಿದರು. 90 ಮುಟ್ಟಿದಾಗ ನಡುಕ ಬಂತು. ಮುಂದೆ ಹಿಂದೆ ಯಾರೂ ಇಲ್ಲದ್ದು ನೋಡಿ ಒಂದೆರಡು ಕ್ಷಣ ನ್ಯೂಟ್ರಲ್‌ಗೆ ಹಾಕಿದರು. ಇಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಂದರೆ ಇಂಜಿನ್ನಿಗೂ ಅದಕ್ಕೂ ಸಂಬಂಧ ಇಲ್ಲ, ಮೌಂಟಿಂಗ್ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಮೆಲ್ಲಗೆ ಬ್ರೇಕ್ ಹಿಡಿದರು. ಪೆಡಲ್ ಕಾಲಿಗೆ ಬಡಿಯಲಿಲ್ಲ, ನಡುಕವೂ ಹೆಚ್ಚಾಗಲಿಲ್ಲ. ಬ್ರೇಕಿನ ಡಿಸ್ಕ್ ಸೊಟ್ಟಾಗಿಲ್ಲ ಅಂತಾಯಿತು. ಗೇರಿನಲ್ಲಿ ಜೋರಾಗಿ ಎಳೆಸಿದರು. ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಹೋಗಿದ್ದರೆ ಎಳೆತ ಬಿದ್ದಾಗ ಅಲುಗಾಟ ಹೆಚ್ಚಬೇಕು. ಹೆಚ್ಚಲಿಲ್ಲ. 14 ಸಾವಿರದ ಲೆಕ್ಕ ಹತ್ತು ನಿಮಿಷದಲ್ಲಿ ಕರಗಿಹೋಯಿತು.

ಬದಿಗೆ ನಿಲ್ಲಿಸಿ, "ಈಗ ನೀವು ಹಿಂದ ಕೂಡ್ರಿ" ಎಂದರು.

ಕಾರು ತೆಗೆದುಕೊಂಡು ಎಂಟು ವರ್ಷ. ಆ ಸೀಟಿನಲ್ಲಿ ಅದುವರೆಗೆ ನಾನು ಒಮ್ಮೆಯೂ ಕೂತಿರಲಿಲ್ಲ. ಎಡಗಡೆ, ಅವ್ವ ಕೂರುವ ಜಾಗದಲ್ಲೇ ಕೂತೆ. 85ರ ಹೊತ್ತಿಗೆ ಕೆಳಗಿನಿಂದ ಸಣ್ಣಗೆ, ಒಂದೇ ಸಮನೆ ಗುದ್ದತೊಡಗಿತು. ಸ್ಟೇರಿಂಗಿನ ನಡುಕದ ಹಾಗಲ್ಲ. ಸೊಂಟದೊಳಗೆ ಇಳಿದು ಬೆನ್ನು ಹತ್ತುವಂಥದ್ದು. ಹಾವೇರಿಯಿಂದ ಬಂದ ರಾತ್ರಿ ಅವ್ವ ಯಾಕೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಾದದ್ದು ಅವತ್ತು.

ಚಾಚಾ ಹೇಳಿದ್ದು ಇಷ್ಟು: ಮುಂದಿನ ಗಾಲಿ ಕೈಗೆ ಮಾತಾಡುತ್ತದೆ, ಹಿಂದಿನ ಗಾಲಿ ಸೀಟಿಗೆ ಮಾತಾಡುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಮಾತಾಡುತ್ತಿದ್ದವು.

ಗ್ಯಾರೇಜಿಗೆ ಬಂದು ಮುಂದಿನ ಎಡ ಗಾಲಿ ಬಿಚ್ಚಿದರು. ರಿಮ್ಮಿನ ಒಳಮೈಯಲ್ಲಿ, ಹೊರಗಿನಿಂದ ಕಾಣದ ಕಡೆ, ಎರೆ ಮಣ್ಣು ಕೂತಿತ್ತು. ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಸ್ಕ್ರೂಡ್ರೈವರ್ ಇಟ್ಟು ಎಬ್ಬಿಸಿದರೆ ಹಂಚಿನ ಚೂರಿನಂತೆ ಎದ್ದು ಬಂತು. ಅಂಗಡಿಯಲ್ಲಿ ಆ ಮಣ್ಣನ್ನು ತೆಗೆಯದೆ ಅದರ ಸಮೇತ ಬ್ಯಾಲೆನ್ಸ್ ಮಾಡಿದ್ದರು. ಮಣ್ಣಿಗೆ ಸರಿತೂಗುವಂತೆ ಎದುರು ಬದಿಗೆ ವೇಟ್ ಬಡಿದಿದ್ದರು. ಎರಡು ದಿನಕ್ಕೆ ಮಣ್ಣು ಬಿರುಕು ಬಿಟ್ಟು ಅರ್ಧ ಉದುರಿತು. ಆಗ ಆ ವೇಟೇ ಹೊರೆಯಾಯಿತು.

ಇಷ್ಟು ಮಣ್ಣಿಗೆ ಇಷ್ಟು ನಡುಕವೇ ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮದು 14 ಇಂಚಿನ ರಿಮ್ಮು, ಟೈರ್ ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ ಉರುಳುತ್ತದೆ. 90 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಸೆಕೆಂಡಿಗೆ ಸುಮಾರು 13 ಸುತ್ತು. ರಿಮ್ಮಿನ ಅಂಚಿನಲ್ಲಿ ಬರೀ 50 ಗ್ರಾಂ, ಒಂದು ನಿಂಬೆಹಣ್ಣಿನಷ್ಟು ಮಣ್ಣು ಕೂತರೂ ಆ ವೇಗದಲ್ಲಿ ಅದು ಐದಾರು ಕೆಜಿ ಭಾರದಷ್ಟು ಜೋರಾಗಿ ಗಾಲಿಯನ್ನು ಹೊರಗೆ ಎಳೆಯುತ್ತದೆ. ಸೆಕೆಂಡಿಗೆ 13 ಸಲ, ಮೇಲೆ ಕೆಳಗೆ. 45ರಲ್ಲಿ ಅದೇ ಎಳೆತ ನಾಲ್ಕನೇ ಒಂದು ಭಾಗ ಮಾತ್ರ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಅದಕ್ಕೇ ಊರೊಳಗೆ ಏನೂ ಗೊತ್ತಾಗುವುದಿಲ್ಲ. ಜೊತೆಗೆ, ಸ್ಪ್ರಿಂಗಿನ ಮೇಲೆ ಕೂತ ಗಾಲಿಗೆ ಅದರದೇ ಆದ ಒಂದು ತೂಗಾಟದ ಲಯ ಇರುತ್ತದೆ. ಹೆಚ್ಚುಕಡಿಮೆ ಇದೇ ವೇಗದಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ.

ಹಿಂದಿನ ಎಡ ಗಾಲಿಯಲ್ಲಿ ಮಣ್ಣಿರಲಿಲ್ಲ. ಬ್ಯಾಲೆನ್ಸಿಂಗ್ ಮಷಿನ್ ಸೊನ್ನೆ ತೋರಿಸಿತು. ಸರಿ ಇದೆಯಲ್ಲ ಎಂದೆ. ಚಾಚಾ ತಲೆ ಅಲ್ಲಾಡಿಸಿ ಗಾಲಿಯನ್ನು ಮತ್ತೆ ಕಾರಿಗೇ ಹಾಕಿಸಿದರು. ಜಾಕ್ ಎತ್ತಿ, ಕೆಳಗೆ ಇಟ್ಟಿಗೆ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಮಲಗಿಸಿ ತುದಿಯನ್ನು ಟೈರಿಗೆ ತಾಗಿತೋ ಇಲ್ಲವೋ ಅನ್ನುವ ಹಾಗೆ ನಿಲ್ಲಿಸಿದರು. ಗಾಲಿಯನ್ನು ಮೆಲ್ಲಗೆ ತಿರುಗಿಸಿದರು. ಬೆರಳು ಹೋಗದಷ್ಟು ಸಣ್ಣ ಸಂದು. ಒಂದು ಜಾಗ ಬಂದಾಗ ಸಂದು ಮುಚ್ಚಿ ರಬ್ಬರ್ ಸರ್ ಎಂದು ಉಜ್ಜಿತು. ಮತ್ತೊಂದು ಸುತ್ತು, ಅದೇ ಜಾಗ, ಅದೇ ಸದ್ದು. ಟೈರಿನ ಒಳಗಿನ ತಂತಿಯ ಪಟ್ಟಿ ಬಿಟ್ಟುಕೊಂಡು ಅಲ್ಲಿ ಎದ್ದಿತ್ತು. ತೂಕ ಎಲ್ಲ ಕಡೆ ಸರಿ ಇದೆ, ಆದರೆ ಗಾಲಿ ಗುಂಡಗೆ ಇಲ್ಲ.

"ತತ್ತಿಗೆ ಎಷ್ಟ್ ವೇಟ್ ಬಡದ್ರೂ ಅದು ತತ್ತೀನ ಅಲ್ರಿ" ಎಂದರು ಚಾಚಾ.

ಟೈರಿನ ಪಕ್ಕೆಯಲ್ಲಿ ತಯಾರಾದ ವಾರ, ವರ್ಷ ಬರೆದಿರುತ್ತದೆ. ಕೊನೆಯ ನಾಲ್ಕು ಅಂಕಿ ನೋಡಬೇಕು. ನಮ್ಮದರಲ್ಲಿ 2217 ಎಂದಿತ್ತು. 2017ರ 22ನೇ ವಾರ. ಕಾರಿನ ಜೊತೆಗೇ ಬಂದ ಟೈರು. ಮೇಲಿನ ಗೀರುಗಳನ್ನು ನೋಡಿದರೆ ಇನ್ನೂ ಸವೆದಿರಲಿಲ್ಲ, ಹಾಗಾಗಿ ಬದಲಿಸುವ ಯೋಚನೆಯೇ ಬಂದಿರಲಿಲ್ಲ. ಇಂಥ ಟೈರು ಬಿಸಿಲಲ್ಲಿ, ವೇಗದಲ್ಲಿ, ಮೇಲಿನ ಪದರ ಕಿತ್ತುಕೊಂಡು ಒಡೆಯಬಹುದು. ಅದರ ಮೇಲೆಯೇ ಅವ್ವನನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಓಡಾಡಿದ್ದೆ. ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಚಾಚಾ ಆಗಲೂ ಟೈರ್ ಕೊಳ್ಳಿರಿ ಎನ್ನಲಿಲ್ಲ. ಮೊದಲು ಆ ಜಾಗಕ್ಕೆ ಸ್ಟೆಪ್ನಿ ಹಾಕಿ ಇನ್ನೊಮ್ಮೆ ಹೈವೇಗೆ ಹೋಗಿ ಬಂದೆವು. ಸೀಟಿನ ಗುದ್ದು ಪೂರ್ತಿ ನಿಂತಿತ್ತು. ಖಾತ್ರಿಯಾದ ಮೇಲೆಯೇ ಹಿಂದಿನ ಎರಡೂ ಟೈರ್ ಹೊಸದು ಹಾಕಿಸಿದೆ. ಮುಂದಿನ ಗಾಲಿಗಳನ್ನು ತೊಳೆದು, ಹಳೆ ವೇಟ್ ಎಲ್ಲ ಕಿತ್ತು, ಹೊಸದಾಗಿ ಬ್ಯಾಲೆನ್ಸ್ ಮಾಡಿಸಿದೆ. ಚಾಚಾ ತಮ್ಮ ಕೆಲಸಕ್ಕೆ ತೆಗೆದುಕೊಂಡದ್ದು 500 ರೂಪಾಯಿ.

ಸೆಪ್ಟೆಂಬರಿನಲ್ಲಿ ಮತ್ತೆ ಹಾವೇರಿಗೆ ಹೊರಟೆವು. ನಾನು ಅವ್ವನಿಗೆ ಏನೂ ಹೇಳಿರಲಿಲ್ಲ. ಶಿಗ್ಗಾಂವಿ ದಾಟಿ 90ಕ್ಕೆ ಬಂದಾಗ ಕನ್ನಡಿಯಲ್ಲಿ ನೋಡಿದೆ. ಅವ್ವ ಸಂಚಿ ಬಿಚ್ಚಿದ್ದಳು. ಎಲೆಯ ತೊಟ್ಟು ಮುರಿದು, ತೊಡೆಗೆ ಒರೆಸಿ, ತೋರುಬೆರಳಲ್ಲಿ ಸುಣ್ಣ ತೆಗೆದು ನಿಧಾನವಾಗಿ ಎಳೆಯುತ್ತಿದ್ದಳು. ಬಂಕಾಪುರದ ಟೋಲ್ ಬರುವ ಹೊತ್ತಿಗೆ ಎರಡನೇ ಎಲೆ ಮಡಚಿ ನನ್ನ ಭುಜದ ಮೇಲಿಂದ ಕೈ ಚಾಚಿದಳು.