ತರಗತಿಯಲ್ಲಿ ಕುಳಿತು ಕಲಿಯಬೇಕಾದ ಹೊಸತನ

ಅಭಿವೃದ್ಧಿಶೀಲ ದೇಶಗಳ ಯುವಜನರನ್ನು ಶಿಕ್ಷಣದಲ್ಲಿ ಹೊಸ ದಾರಿ ಹುಡುಕುವವರನ್ನಾಗಿ ಸಜ್ಜುಗೊಳಿಸುವ ತರಬೇತಿಗಳನ್ನು ಕೆಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ನಾನು ಕಂಡ ಬಹುತೇಕ ತರಬೇತಿಗಳಲ್ಲಿ ಹೆಚ್ಚಿನ ಸಮಯ ಹೋಗುವುದು ಐದು ನಿಮಿಷದಲ್ಲಿ ಯೋಜನೆಯನ್ನು ಹೂಡಿಕೆದಾರರ ಮುಂದೆ ಮಂಡಿಸುವ ಕಲೆಗೆ. ಮೂರನೆಯ ತರಗತಿಯ ಮಗುವೊಂದು ಓದುವಾಗ ಎಲ್ಲಿ ತಡವರಿಸುತ್ತದೆ ಎಂದು ಪಕ್ಕದಲ್ಲಿ ಕುಳಿತು ನೋಡಲು ಸಿಗುವ ಸಮಯ ತೀರಾ ಕಡಿಮೆ. ಇದು ತಿರುವುಮುರುವಾಗಬೇಕು ಎಂಬುದು ನನ್ನ ವಾದ.

1995ರಲ್ಲಿ ಮುಂಬೈಯಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆಯ ಬಾಲಸಖಿ ಕಾರ್ಯಕ್ರಮ ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕಾಗಿಯೇ. ಹೈಸ್ಕೂಲು ಮುಗಿಸಿದ, ಮಕ್ಕಳ ಬಡಾವಣೆಯವರೇ ಆದ ಯುವತಿಯರಿಗೆ ಸುಮಾರು ಎರಡು ವಾರ ತರಬೇತಿ ನೀಡಿ, ಮೂರು ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಮಕ್ಕಳ ಸಣ್ಣ ಗುಂಪನ್ನು ದಿನಕ್ಕೆ ಎರಡು ಗಂಟೆ ಅವರ ಕೈಗೆ ಒಪ್ಪಿಸಲಾಗುತ್ತಿತ್ತು. 2001ರಿಂದ 2003ರವರೆಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬೈ ಹಾಗೂ ವಡೋದರಾಗಳಲ್ಲಿ ಇದನ್ನು ಪರೀಕ್ಷಿಸಿದರು: ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರು. ಅಂಕಗಳು ಏರಿದವು. ಆದರೆ ಏರಿದ್ದು ಬಾಲಸಖಿಯ ಬಳಿ ಹೋದ ಮಕ್ಕಳದ್ದು. ಅವರು ಎದ್ದುಹೋದ ಮೇಲೆ ಚಿಕ್ಕದಾದ ತರಗತಿಯಲ್ಲಿ ಉಳಿದವರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಂದರೆ ಕೆಲಸ ಮಾಡಿದ್ದು ಮಕ್ಕಳ ಸಂಖ್ಯೆ ತಗ್ಗಿದ್ದಲ್ಲ, ಮಗು ನಿಂತಿರುವ ಮೆಟ್ಟಿಲಿನಿಂದಲೇ ಪಾಠ ಶುರುವಾದದ್ದು. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು ಎಂಬುದನ್ನೂ ಅಧ್ಯಯನ ಮಾಡಿದವರು ಮುಚ್ಚಿಡಲಿಲ್ಲ. ಹೀಗೆ ಹೋಲಿಸಿ ನೋಡಿ, ಕಂಡದ್ದನ್ನು ಮುಚ್ಚಿಡದೆ ಹೇಳುವುದೇ ಯುವಜನರಿಗೆ ಕಲಿಸಬೇಕಾದ ಅಭ್ಯಾಸ. ಮಂಡನೆಯ ವೇದಿಕೆಯಲ್ಲಿ ಇದನ್ನು ಕಲಿಯಲಾಗದು.

ಇದಕ್ಕೆ ವ್ಯತಿರಿಕ್ತವಾಗಿ, ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪುಗಳನ್ನು ಮಕ್ಕಳಿಗೆ ಹಂಚಿತು. ಗ್ರಾಮೀಣ ಶಾಲೆಗಳ ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವು ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏರಿಕೆಯನ್ನು ಕಾಣಲಿಲ್ಲ. ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ವಡೋದರಾದ ಅದೇ ಅಧ್ಯಯನದಲ್ಲಿ ಮಗುವಿನ ಮಟ್ಟಕ್ಕೆ ತಕ್ಕ ಲೆಕ್ಕಗಳನ್ನು ಕೊಡುತ್ತಿದ್ದ ಕಂಪ್ಯೂಟರ್ ಆಟಗಳಿಂದ ಗಣಿತ ಚೆನ್ನಾಗಿಯೇ ಸುಧಾರಿಸಿತ್ತು.

ಕೊಲಂಬಿಯಾದಲ್ಲಿ 1970ರ ದಶಕದ ಮಧ್ಯದಲ್ಲಿ ವಿಕಿ ಕೋಲ್ಬರ್ಟ್ ಮತ್ತು ಜೊತೆಗಾರರು ಕಟ್ಟಿದ ‘ಎಸ್ಕುಎಲಾ ನುಎವಾ’ (ಹೊಸ ಶಾಲೆ) ಎಂಬ ಬೋಧನಾ ಕ್ರಮದಲ್ಲಿ, ಹೊಸ ಶಿಕ್ಷಕರು ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಮಾದರಿ ಶಾಲೆಗೆ ಹೋಗಿ ನೋಡಿ ಕಲಿಯುತ್ತಾರೆ. ಯುವಜನರ ತರಬೇತಿಗೂ ಇದಕ್ಕಿಂತ ಒಳ್ಳೆಯ ಮೊದಲ ತಿಂಗಳು ನನಗೆ ತೋಚುತ್ತಿಲ್ಲ.

ಉಳಿಯುವುದು ಹಣದ ಮಾತು. ಬಾಲಸಖಿಯರಿಗೆ ಸಿಗುತ್ತಿದ್ದುದು ತಿಂಗಳಿಗೆ 500ರಿಂದ 750 ರೂಪಾಯಿ, ಮತ್ತು ಅವರು ಸರಾಸರಿ ಒಂದು ವರ್ಷದಲ್ಲಿ ಮದುವೆಯಾಗಿಯೋ ಬೇರೆ ಕೆಲಸ ಸಿಕ್ಕಿಯೋ ಹೊರಟುಬಿಡುತ್ತಿದ್ದರು. ಮಗು ಎಲ್ಲಿ ತಡವರಿಸುತ್ತದೆ ಎಂದು ಅವರಿಗೆ ತಿಳಿದಿದ್ದೂ ಅವರ ಜೊತೆಯೇ ಹೋಗುತ್ತಿತ್ತು.