ಹಾಡಿನ ತಟ್ಟೆ

17 ಡಿಸೆಂಬರ್ 2024, ಮಂಗಳವಾರ
ಸೆರಿಟೋಸ್, ಕ್ಯಾಲಿಫೋರ್ನಿಯಾ

ಸಂಜೆ ಎದುರುಮನೆಯ ಹಿರಿಯರು ಫೋನ್ ಮಾಡಿ, ಗ್ಯಾರೇಜಿನ ಅಟ್ಟದ ಮೇಲಿರುವ ಕ್ರಿಸ್‌ಮಸ್ ಪೆಟ್ಟಿಗೆಯನ್ನು ಇಳಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಏಣಿಯ ಹತ್ತಿರ ಸುಳಿಯುವಂತಿಲ್ಲ. ಹಬ್ಬಕ್ಕೆ ಎಂಟೇ ದಿನ ಉಳಿದಿದ್ದರೂ ಅವರ ಕಿಟಕಿಯಲ್ಲಿ ದೀಪವಿಲ್ಲದಿರುವುದನ್ನು ನಾನು ಮೂರ್ನಾಲ್ಕು ದಿನಗಳಿಂದ ನೋಡುತ್ತಲೇ ಇದ್ದೆ. ಅವರು ಕರೆಯುವ ಮೊದಲೇ ಹೋಗಿ ವಿಚಾರಿಸಬೇಕಿತ್ತು.

ಪೆಟ್ಟಿಗೆಯಲ್ಲಿ ಬಣ್ಣದ ದೀಪಗಳ ಸರಗಳ ಅಡಿಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದೇ ಒಂದು ಎಲ್‌ಪಿ ತಟ್ಟೆಯಿತ್ತು: ಕಾರ್ಪೆಂಟರ್ಸ್ ಅಣ್ಣ ತಂಗಿಯರ ‘ಕ್ರಿಸ್‌ಮಸ್ ಪೋರ್ಟ್ರೇಟ್’. ಅವರ ಬಳಿಯಿರುವ ಇತರ ತಟ್ಟೆಗಳೆಲ್ಲ ಹಜಾರದ ಕಪಾಟಿನಲ್ಲಿವೆ. ಇದೊಂದು ಮಾತ್ರ ದೀಪಗಳ ಜೊತೆಯಲ್ಲಿ ಅಟ್ಟ ಸೇರುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಇಳಿಸಿದರೆ ಜನವರಿ 6ರಂದು ಮತ್ತೆ ಮೇಲೆ. 1978ರ ಅಕ್ಟೋಬರಿನಲ್ಲಿ ಈ ತಟ್ಟೆ ಹೊರಬಂದ ವರ್ಷದಿಂದಲೂ, ಈ ಸಲದ ಹೊರತು, ಈ ಕ್ರಮ ತಪ್ಪಿಲ್ಲವಂತೆ. ವರ್ಷವಿಡೀ ಕೈಗೆ ಸಿಗುವಂತಿದ್ದರೆ ಇದೂ ಉಳಿದವುಗಳ ಹಾಗೆ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು ಎಂದು ಅವರು ಹೇಳಿದಾಗ ನನಗೆ ನಮ್ಮಮ್ಮನ ನೆನಪಾಯಿತು. ಹಸೆಗೆ ಕರೆಯುವ ಹಾಡನ್ನು ಅಡುಗೆಮನೆಯಲ್ಲಿ ಸುಮ್ಮನೆ ಗುನುಗಿದರೂ ಅಮ್ಮ ಗದರುತ್ತಿದ್ದರು. ಹಸೆ ಹಾಸದೆ ಆ ಹಾಡು ಬಾಯಿಗೆ ಬರಬಾರದು ಎನ್ನುವುದು ಅವರ ಕಟ್ಟುನಿಟ್ಟು. ಸಂದರ್ಭಕ್ಕೆ ಕಟ್ಟುಬಿದ್ದ ಹಾಡು ಹಳತಾಗುವುದಿಲ್ಲ ಎಂಬುದನ್ನು ನಮ್ಮ ಹೆಂಗಸರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಈ ಊರಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ನವೆಂಬರ್ ಬಂದೊಡನೆ ಕೋಸ್ಟ್ 103.5 ರೇಡಿಯೊ ಪೂರ್ತಿಯಾಗಿ ಕ್ರಿಸ್‌ಮಸ್ ಹಾಡುಗಳಿಗೆ ಹೊರಳುವುದರಿಂದ, ಕಾರಿನಲ್ಲಿಯೂ ಅಂಗಡಿಗಳಲ್ಲಿಯೂ ಕ್ಯಾರೆನ್ ಕಾರ್ಪೆಂಟರ್ ಅವರ ಧ್ವನಿ ಬಿಡಿಬಿಡಿಯಾಗಿ ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಆದರೆ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ, ಅವರು ಜೋಡಿಸಿದ ಕ್ರಮದಲ್ಲಿ ಕೇಳಿದ್ದು ಇಂದೇ ಮೊದಲು.

ಮೊದಲು ಕೇಳಿಸುವುದು ಕ್ಯಾರೆನ್ ಅಲ್ಲ. ವಾದ್ಯಗಳಿಲ್ಲದೆ, ತಮ್ಮದೇ ಕಂಠವನ್ನು ಪದರಪದರವಾಗಿ ಮುದ್ರಿಸಿಕೊಂಡು ರಿಚರ್ಡ್ ಕಾರ್ಪೆಂಟರ್ ಒಂದು ಪ್ರಾಚೀನ ಸ್ತೋತ್ರವನ್ನು ಹಾಡುತ್ತಾರೆ. ಅದು ಮುಗಿಯುತ್ತಿದ್ದಂತೆ ದೊಡ್ಡ ವಾದ್ಯವೃಂದ ಎದ್ದು, ಕ್ಯಾರಲ್ ಎನ್ನುವ ಒಂದು ಕ್ರಿಸ್‌ಮಸ್ ಹಾಡಿನಿಂದ ಇನ್ನೊಂದಕ್ಕೆ ಎಲ್ಲಿಯೂ ನಿಲ್ಲದೆ ಹಲವು ನಿಮಿಷ ಹರಿಯುತ್ತದೆ. ಬಯಲಾಟದ ಪೂರ್ವರಂಗದಂತೆ ಇಷ್ಟೆಲ್ಲ ನಡೆಯುತ್ತಿರುವಾಗಲೂ ಮುಖ್ಯ ವೇಷ ರಂಗಕ್ಕೆ ಬಂದಿರುವುದಿಲ್ಲ. ಎದುರುಮನೆಯವರು ಬೆರಳೆತ್ತಿ “ಈಗ ಬರುತ್ತಾಳೆ ನೋಡಿ” ಎಂದ ಕ್ಷಣಕ್ಕೆ ಸರಿಯಾಗಿ ‘ದಿ ಕ್ರಿಸ್‌ಮಸ್ ವಾಲ್ಟ್ಜ್’ ಆರಂಭವಾಯಿತು. ನಲವತ್ತಾರು ವರ್ಷಗಳಿಂದ ಕೇಳಿದ್ದರೂ ಆ ಬೆರಳು ಸಂಭ್ರಮದಿಂದ ನಡುಗುತ್ತಿತ್ತು.

ಆ ಧ್ವನಿಯ ಬಗ್ಗೆ ಬರೆಯಲು ನಮ್ಮ ಸಂಗೀತದ ಮಾತೇ ನನಗೆ ಹತ್ತಿರ. ಹಬ್ಬದ ಹಾಡೆಂದರೆ ತಾರಸ್ಥಾಯಿಗೆ ಏರುವುದು, ಗಂಟೆಗಳು, ಮಕ್ಕಳ ಮೇಳ. ಕ್ಯಾರೆನ್ ಮಾತ್ರ ಮಂದ್ರಕ್ಕೆ ಇಳಿಯುತ್ತಾರೆ. ಸುತ್ತಲೂ ವೃಂದಗಾನವೂ ಪಿಟೀಲುಗಳೂ ಎಷ್ಟೇ ಎತ್ತರದಲ್ಲಿದ್ದರೂ ಆ ಒಂದು ದನಿ ಪಕ್ಕದಲ್ಲಿ ಕುಳಿತು, ನಮ್ಮೊಬ್ಬರಿಗೇ ಹೇಳುತ್ತಿದೆಯೇನೋ ಎನ್ನುವಷ್ಟು ಹತ್ತಿರದಿಂದ ಕೇಳಿಸುತ್ತದೆ. ಆಕೆ ಮೊದಲು ಡ್ರಮ್ಸ್ ನುಡಿಸುತ್ತಿದ್ದವರು. ಆದ್ದರಿಂದಲೇ ಇರಬೇಕು, ಎಷ್ಟೇ ನಿಧಾನದ ಸಾಲಿನಲ್ಲಿಯೂ ಲಯ ಜಾರುವುದಿಲ್ಲ. ವಾದ್ಯಸಂಯೋಜನೆಗೆ ಇಂಗ್ಲೆಂಡಿನ ಪೀಟರ್ ನೈಟ್ ಅವರನ್ನೂ, ಗಾಯಕ ಫ್ರಾಂಕ್ ಸಿನಾತ್ರಾ ಅವರ ಹಾಡುಗಳಿಗೆ ಹೆಸರಾದ ಬಿಲ್ಲಿ ಮೇ ಅವರನ್ನೂ ಕರೆತಂದಿದ್ದ ರಿಚರ್ಡ್, ಇದನ್ನು ತಂಗಿಯ ಮೊದಲ ಏಕವ್ಯಕ್ತಿ ಆಲ್ಬಮ್ ಎಂದೇ ಎಣಿಸಬೇಕು ಎನ್ನುತ್ತಾರೆ. ಇಂದು ಕೇಳಿದ ಮೇಲೆ ನನಗೂ ಅದು ಸರಿಯೆನಿಸಿತು.

ತಟ್ಟೆಯನ್ನು ತಿರುಗಿಸಿ ಹಾಕುವಾಗ ಎದುರುಮನೆಯವರು ‘ಮೆರ್ರಿ ಕ್ರಿಸ್‌ಮಸ್ ಡಾರ್ಲಿಂಗ್’ ಹಾಡಿನ ಮಾತೆತ್ತಿದರು. ಅದರ ಕಥೆ ಈ ಸುತ್ತಮುತ್ತಲಿನ ಊರುಗಳಲ್ಲಿ ಹಿರಿಯರಿಗೆಲ್ಲ ಗೊತ್ತು. ಫ್ರಾಂಕ್ ಪೂಲರ್ ಎಂಬ ತರುಣ 1946ರಲ್ಲಿ, ದೂರದಲ್ಲಿದ್ದ ಗೆಳತಿಗಾಗಿ ಆ ಸಾಲುಗಳನ್ನು ಬರೆದಿದ್ದರು. ಇಪ್ಪತ್ತು ವರ್ಷಗಳ ನಂತರ ಅವರು ಲಾಂಗ್ ಬೀಚ್‌ನ ವಿಶ್ವವಿದ್ಯಾಲಯದಲ್ಲಿ ವೃಂದಗಾನದ ಗುರುಗಳಾಗಿದ್ದಾಗ, ಹಾಡಿದ್ದನ್ನೇ ಹಾಡಿ ಬೇಸತ್ತು ಹೊಸ ಕ್ರಿಸ್‌ಮಸ್ ಹಾಡು ಬೇಕೆಂದು ಬಂದ ಶಿಷ್ಯ ರಿಚರ್ಡ್‌ಗೆ ಆ ಸಾಲುಗಳನ್ನು ಕೊಟ್ಟರು. ರಿಚರ್ಡ್ ರಾಗ ಕೂಡಿಸಿದರು. 1970ರಲ್ಲಿ ಅದು ಬಿಡಿ ಹಾಡಾಗಿ ಹೊರಬಂದಾಗ ಕ್ಯಾರೆನ್‌ಗೆ ಇಪ್ಪತ್ತು ವರ್ಷ. 1978ರ ಈ ಆಲ್ಬಮಿಗಾಗಿ, ಜನ ಅದಾಗಲೇ ಮೆಚ್ಚಿಕೊಂಡಿದ್ದ ಆ ಹಾಡನ್ನು, ಇನ್ನೂ ಚೆನ್ನಾಗಿ ಹಾಡಬಲ್ಲೆನೆಂದು ಆಕೆ ಮತ್ತೊಮ್ಮೆ ಹಾಡಿದರು. ಗೆದ್ದ ಹಾಡನ್ನು ತಿದ್ದುವ ಆ ಹಟ ನನಗೆ ಬಹಳ ಹಿಡಿಸಿತು. ಅದೇ ಹಟವನ್ನು ತಮ್ಮ ದೇಹದ ಮೇಲೆಯೂ ಹೂಡಿದರೇ ಎಂಬ ಯೋಚನೆ ಬಂದು ಬಾಯಿ ತಪ್ಪಿ ಹೇಳಿಯೂ ಬಿಟ್ಟೆ. ಇಷ್ಟು ಬೆಚ್ಚಗೆ ಹಬ್ಬದ ಊಟ, ಮನೆ, ಬೆಂಕಿಗೂಡು ಎಂದೆಲ್ಲ ಹಾಡಿದವರು ಊಟ ಬಿಟ್ಟೇ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡರೆಂಬುದು ನೆನಪಾದರೆ, ಸಂತೋಷದ ಸಾಲಿನಲ್ಲಿಯೂ ನನಗೆ ದುಃಖವೇ ಕೇಳಿಸುತ್ತದೆ ಎಂದೆ.

ಎದುರುಮನೆಯವರು ಕೂಡಲೇ ಉತ್ತರಿಸಲಿಲ್ಲ. ಹಾಡು ಮುಗಿಯುವವರೆಗೆ ಕಾದು, ನಂತರ ಹೇಳಿದರು: “ಆ ದುಃಖ ತಟ್ಟೆಯಲ್ಲಿಲ್ಲ. ಅದನ್ನು ನೀವು ಹೊರಗಿನಿಂದ ತಂದಿದ್ದೀರಿ. ನಾನು ಇದನ್ನು ಮನೆಗೆ ತಂದಾಗ ನಮಗೆ ಏನೂ ತಿಳಿದಿರಲಿಲ್ಲ. ನಮ್ಮ ಕಿವಿಗೆ ಬಿದ್ದದ್ದು ಹಬ್ಬವೆಂದರೆ ಹಿಗ್ಗುವ, ತನ್ನ ಕೆಲಸ ಚೆನ್ನಾಗಿ ಬಲ್ಲ ಒಬ್ಬ ಹುಡುಗಿಯ ದನಿ. ಅದೂ ನಿಜವೇ. ಅವಳು ತೀರಿಕೊಂಡಳೆಂದು ಆ ಸಂತೋಷವನ್ನು ಅವಳಿಂದ ಕಿತ್ತುಕೊಳ್ಳಬೇಡಿ.”

ನನಗೆ ನಾಚಿಕೆಯಾಯಿತು. ಅವರ ಮಾತು ಸರಿ. ಈ ತಟ್ಟೆ ಉಳಿದಿರುವುದು ಹಾಡಿದವರ ದುರಂತದ ಕಥೆಯಿಂದಲ್ಲ. ಅದು ಹೊರಬಂದಾಗ ಕಾರ್ಪೆಂಟರ್ಸ್ ಹೆಸರು ಇಳಿಮುಖವಾಗಿತ್ತು. ಊರೆಲ್ಲ ಡಿಸ್ಕೊ ಕುಣಿಯುತ್ತಿದ್ದ ಕಾಲ. ಮೊದಲ ವರ್ಷವೇ ಮಾರಾಟದ ಪಟ್ಟಿಗಳ ತುದಿಗೆ ಏರಿದ ಆಲ್ಬಮಲ್ಲ ಅದು. ಆದರೆ ಬೇರೆ ಆಲ್ಬಮುಗಳು ಒಂದೆರಡು ವರ್ಷದಲ್ಲಿ ಅಂಗಡಿಯ ಹಿಂಬದಿಗೆ ಸರಿಯುವಾಗ ಇದು ಪ್ರತಿ ಡಿಸೆಂಬರಿನಲ್ಲಿಯೂ ಮುಂದಿನ ಸಾಲಿಗೆ ಮರಳಿತು. ಹೀಗೆ ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ಸೇರಿಯೇ ಅದು ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮಾನ್ಯತೆಯನ್ನು ತಲುಪಿತು. ಉಳಿದಿದ್ದ ಮುದ್ರಣಗಳನ್ನು ಸೇರಿಸಿ ರಿಚರ್ಡ್ 1984ರಲ್ಲಿ ‘ಆ್ಯನ್ ಓಲ್ಡ್ ಫ್ಯಾಷನ್ಡ್ ಕ್ರಿಸ್‌ಮಸ್’ ಹೊರತಂದಾಗ ತಂಗಿ ಇಲ್ಲದೆ ವರ್ಷ ಕಳೆದಿತ್ತು. ಅದನ್ನೂ ಜನ ಮನೆಗೆ ಕರೆದುಕೊಂಡರು.

ಎದುರುಮನೆಯವರು ಆಗ ಇದ್ದದ್ದು ಇಲ್ಲಿಂದ ಕಾಲು ಗಂಟೆಯ ದಾರಿಯ ಡೌನಿಯಲ್ಲಿ. ಅಪೊಲೊ ನೌಕೆಗಳನ್ನು ಕಟ್ಟಿದ ಅಲ್ಲಿನ ಕಾರ್ಖಾನೆಯಲ್ಲಿ ಯಜಮಾನರಿಗೆ ಕೆಲಸ. ಕಾರ್ಪೆಂಟರ್ ಕುಟುಂಬವೂ 1963ರಲ್ಲಿ ಕನೆಕ್ಟಿಕಟ್‌ನಿಂದ ಬಂದು ಅದೇ ಊರಿನಲ್ಲಿ ನೆಲೆಸಿದ್ದರಿಂದ, ಊರಿನವರಿಗೆ ಅವರು ತಮ್ಮ ಬೀದಿಯ ಮಕ್ಕಳು. 1977ರಲ್ಲಿಯೂ 78ರಲ್ಲಿಯೂ ಡಿಸೆಂಬರಿನಲ್ಲಿ ಟಿವಿಯಲ್ಲಿ ಅವರ ಕ್ರಿಸ್‌ಮಸ್ ಕಾರ್ಯಕ್ರಮ ಬಂದಾಗ ಎಲ್ಲರೂ ಕುಳಿತು ನೋಡಿದರಂತೆ. ಇಷ್ಟು ಹೇಳಿ ಅವರು ಬಹಳ ಹೊತ್ತು ತಟ್ಟೆಯ ಹೊದಿಕೆಯ ಮೇಲೆ ಕೈಯಾಡಿಸುತ್ತಿದ್ದರು.

“ನಾನು ನನ್ನ ತಂಗಿಗೆ ಹೇಳಿದ್ದೆ, ನೋಡು ಎಷ್ಟು ಸಣ್ಣಗಾಗಿದ್ದಾಳೆ, ಎಷ್ಟು ಚೆಂದ ಕಾಣುತ್ತಾಳೆ ಎಂದು. ನಾವೆಲ್ಲ ಹೊಗಳಿದೆವು. ಕಣ್ಣಿಂದ ನೋಡಿ ಹೊಗಳಿದೆವು.”

ಅದಕ್ಕೂ ಮೊದಲೇ, 1975ರಲ್ಲಿ, ಕ್ಯಾರೆನ್ ಅವರ ನಿಶ್ಶಕ್ತಿಯಿಂದಾಗಿ ಬ್ರಿಟನ್ ಮತ್ತು ಜಪಾನಿನ ಪ್ರವಾಸಗಳು ರದ್ದಾಗಿದ್ದವು. ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆಯಾದ ಅನೊರೆಕ್ಸಿಯಾ ನರ್ವೋಸಾದ ಹೆಸರು ಇಲ್ಲಿ ಮನೆಮಾತಾದದ್ದು 1983ರ ಫೆಬ್ರವರಿ 4ರಂದು ಕ್ಯಾರೆನ್ ತೀರಿಕೊಂಡ ಮೇಲೆ. ನಾನು ಇದನ್ನೇನೂ ಅವರಿಗೆ ಹೇಳಲಿಲ್ಲ; ಆ ಮಾತಿನಿಂದ ಅವರ ಭಾರ ಇಳಿಯುವಂತಿರಲಿಲ್ಲ. ಕೊನೆಯ ‘ಆವೆ ಮರಿಯಾ’ ಮುಗಿಯುವವರೆಗೆ ಇಬ್ಬರೂ ಸುಮ್ಮನೆ ಕುಳಿತಿದ್ದೆವು.

ರಸ್ತೆ ದಾಟಿ ಮನೆಗೆ ಬರುವಾಗ ತಲೆಯಲ್ಲಿ ಉಳಿದದ್ದು ರಾಗವಲ್ಲ, “ಸಣ್ಣಗಾಗಿದ್ದಾಳೆ” ಎಂಬ ಮಾತು. ದೀಪಾವಳಿಯ ಊಟಕ್ಕೆ ಅರ್ವೈನ್‌ಗೆ ಹೋಗಿದ್ದಾಗ ನಮ್ಮವರೆಲ್ಲ ನನ್ನ ಮಗಳು ಪುಟ್ಟಿಗೆ ಹೇಳಿದ್ದು ಇದೇ ಮಾತನ್ನು. “ಎಷ್ಟು ಸಣ್ಣಗಾಗಿದ್ದೀಯೇ, ಲಂಗ ದಾವಣಿ ಎಷ್ಟು ಒಪ್ಪುತ್ತದೆ” ಎಂದು ಒಬ್ಬರಾದ ಮೇಲೊಬ್ಬರು ಅವಳ ಗಲ್ಲ ಹಿಡಿದರು. ನಾನು ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ನಕ್ಕಿದ್ದೆ. ಅವಳು ಹೋಳಿಗೆಯನ್ನು ಅರ್ಧ ಮುರಿದು ತಮ್ಮನ ತಟ್ಟೆಗೆ ಹಾಕಿದ್ದನ್ನು ನೋಡಿಯೂ ನಕ್ಕಿದ್ದೆ.

ಇಂದು ರಾತ್ರಿ ಚಪಾತಿ, ಹುಳಿ. ಇವರು ತಡವಾಗಿ ಬರುತ್ತೇನೆಂದು ತಿಳಿಸಿದ್ದರು. ನಾನು ಹಾಡು ಗುನುಗುತ್ತ ಬಡಿಸುವಾಗ ಪುಟ್ಟಿ ತಲೆಯೆತ್ತಿ, “ಅಮ್ಮಾ, ಇದು ನಮ್ಮ ಕಾಯಿರ್‌ದು! ಗುರುವಾರ ನಾವು ಇದನ್ನೇ ಹಾಡ್ತೀವಿ, ನನ್ನದು ಆಲ್ಟೊ” ಎಂದಳು. ಆಲ್ಟೊ ಎಂದರೆ ಹೆಣ್ಣುದನಿಗಳಲ್ಲಿ ಕೆಳಗಿನದು. ಎಲ್ಲಿ ಹಾಡು ಎಂದೆ. ಕಣ್ಣು ಮುಚ್ಚಿ ನಾಲ್ಕು ಸಾಲು ಹಾಡಿದಳು. ಎಷ್ಟು ತುಂಬಿದ, ಎಷ್ಟು ಆರೋಗ್ಯವಂತ ದನಿ. 1946ರ ಆ ತರುಣ ಯಾರಿಗೋ ಬರೆದ ಸಾಲುಗಳು ಹದಿನಾರು ವರ್ಷದ ನನ್ನ ಮಗಳ ಬಾಯಲ್ಲಿ, ನಮ್ಮ ಊಟದ ಮೇಜಿನ ಮುಂದೆ. ಹಾಡಿ ಮುಗಿಸಿ, ಅದೇ ದನಿಯಲ್ಲಿ, ಹೊಟ್ಟೆ ತುಂಬಿತು ಎಂದು ಎದ್ದು ಹೋದಳು. ತಟ್ಟೆಯಲ್ಲಿ ಒಂದು ಚಪಾತಿ ಹಾಗೆಯೇ ಇತ್ತು.

ದಿನಾಂಕ ಬರೆಯುವಾಗ ಗಮನಿಸಿರಲಿಲ್ಲ. ಕ್ಯಾರೆನ್ ಸಾರ್ವಜನಿಕವಾಗಿ ಕೊನೆಯ ಬಾರಿ ಹಾಡಿದ್ದು 1982ರ ಡಿಸೆಂಬರ್ 17ರಂದು, ಶೆರ್ಮನ್ ಓಕ್ಸ್‌ನ ಒಂದು ಶಾಲೆಯಲ್ಲಿ, ತಾವು ಧರ್ಮಮಾತೆಯಾಗಿದ್ದ ಮಕ್ಕಳಿಗಾಗಿ, ಕ್ರಿಸ್‌ಮಸ್ ಹಾಡುಗಳನ್ನು. ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದು ಆಗಷ್ಟೇ ಮನೆಗೆ ಮರಳಿದ್ದರು. ನೆಲದ ಮೇಲೆ ಕುಳಿತು ಆಲಿಸಿದ ಆ ಮಕ್ಕಳ ಕಿವಿಗೆ ಬಿದ್ದದ್ದೂ ಒಳ್ಳೆಯ, ಬೆಚ್ಚಗಿನ ದನಿಯೇ ಇದ್ದಿರಬೇಕು. ಏಳು ವಾರಗಳಷ್ಟೇ ಉಳಿದಿದ್ದವು.

ಇವರಿಗೆ ಹೇಳಿದರೆ, ಪರೀಕ್ಷೆಯ ಒತ್ತಡ, ಈ ವಯಸ್ಸಿನಲ್ಲಿ ಎಲ್ಲರೂ ಹೀಗೆಯೇ ಎನ್ನುತ್ತಾರೆ. ಹಾಗೆಯೇ ಇರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೇನೆ. ದುಃಖವನ್ನು ಹೊರಗಿನಿಂದ ತಂದು ಮಗಳ ಹಾಡಿನ ಮೇಲೆ ಸುರಿಯಬಾರದು ಎಂಬ ಎಚ್ಚರವೂ ನನಗಿದೆ. ಆದರೆ ದನಿ ಚೆನ್ನಾಗಿದೆ ಎಂದು ಕಣ್ಣನ್ನು ನಂಬದೆ ಇರುವುದು ಹೇಗೆ? ನಾಳೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಅದಕ್ಕೆ ಮೊದಲು ಅವಳೊಂದಿಗೆ ಮಾತನಾಡಬೇಕು, “ಸಣ್ಣ” ಎಂಬ ಮಾತು ಬಾರದ ಹಾಗೆ, ತಟ್ಟೆಯ ಮಾತೂ ಮೊದಲೇ ಬಾರದ ಹಾಗೆ. ಹಾಡಿನಿಂದಲೇ ಶುರುಮಾಡಬಹುದೇನೋ. ಗುರುವಾರ ಎದುರುಮನೆಯವರನ್ನೂ ಶಾಲೆಗೆ ಕರೆದುಕೊಂಡು ಹೋಗೋಣವೇ ಎಂದು ಕೇಳಿದರೆ

ಮಹಡಿಯ ಮೇಲೆ ಮತ್ತೆ ಅದೇ ಸಾಲು ಕೇಳಿಸುತ್ತಿದೆ. ಕೆಳಗಿನ ಸ್ವರದಲ್ಲಿ ಅವಳು ಒಂದೆಡೆ ತಡವರಿಸಿ, ನಿಲ್ಲಿಸಿ, ಮೊದಲಿನಿಂದ