ಲಿಮಾದಲ್ಲಿ ಬರೀ ಗಾಡಿ ತಿಂಡಿಯ ಒಂದು ಶನಿವಾರ

ಜುಲೈ ತಿಂಗಳಲ್ಲಿ ಪೆರುವಿನ ರಾಜಧಾನಿ ಲಿಮಾಕ್ಕೆ ಹೋದರೆ ಬಿಸಿಲು ಕಾಣುವುದೇ ಅಪರೂಪ. ಅಲ್ಲಿ ಆಗ ಚಳಿಗಾಲ. ಮಳೆ ಅಂತ ಸುರಿಯುವುದಿಲ್ಲ, ಆದರೆ ಸಮುದ್ರದ ಕಡೆಯಿಂದ ಮಂಜು ಬಂದು ಊರ ಮೇಲೆ ಕೂತುಬಿಡುತ್ತದೆ. ಕೂದಲು, ಬಟ್ಟೆ ಎಲ್ಲ ತೇವ. ಕೆಲಸದ ಮೇಲೆ ಹೋಗಿದ್ದ ನನಗೆ ಒಂದು ಶನಿವಾರ ಪೂರ್ತಿ ಬಿಡುವು ಸಿಕ್ಕಿತು. ಅಲ್ಲಿಯ ಸಹೋದ್ಯೋಗಿಯೊಬ್ಬರು, "ಇವತ್ತು ಹೋಟೆಲ್ ಬೇಡ, ಬರೀ ಗಾಡಿ" ಅಂದರು.

ಪೆರುವಿನ ಅಡುಗೆಗೆ ಈಗ ದೊಡ್ಡ ಹೆಸರು. ಜಗತ್ತಿನ 50 ಅತ್ಯುತ್ತಮ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ 2023ರಲ್ಲಿ ಲಿಮಾದ ಸೆಂಟ್ರಲ್, 2025ರಲ್ಲಿ ಅದೇ ಊರಿನ ಮೈದೊ ಮೊದಲ ಸ್ಥಾನಕ್ಕೆ ಬಂದವು. ಆದರೆ ಅಲ್ಲಿ ಹೋಗಿ ಉಣ್ಣುವುದು ಎಷ್ಟು ಜನರ ಕೈಲಾಗುತ್ತದೆ? ಊರ ಜನರ ನಾಲಿಗೆಯನ್ನು ಬೆಳೆಸಿದ್ದು ಬೀದಿ ಅಂತ ಆ ಸಹೋದ್ಯೋಗಿಯ ವಾದ. ಸಂಜೆಯೊಳಗೆ ನಾನೂ ಅದನ್ನು ಒಪ್ಪಿಬಿಟ್ಟಿದ್ದೆ.

ಬೆಳಗ್ಗೆ ಮೊದಲು ಎಮೊಲಿಯೆಂತೆ. ಹುರಿದ ಬಾರ್ಲಿ, ಅಗಸೆ ಬೀಜ, ಅಲ್ಲಿಯ ಒಂದಷ್ಟು ಸೊಪ್ಪು ಹಾಕಿ ಕುದಿಸಿದ ಬಿಸಿ ಕಷಾಯ. ಮೇಲೆ ನಿಂಬೆರಸ. ಬೇಕು ಅಂದರೆ ಲೋಳೆಸರದ ತಿರುಳನ್ನೂ ಹಾಕುತ್ತಾರೆ. ಗಾಡಿಯವರು ಒಂದು ಜಗ್ಗಿನಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವಾಗ ಅದು ಎಳೆಎಳೆಯಾಗಿ ಇಳಿಯುತ್ತಿತ್ತು. ಮೊದಲ ಗುಟುಕು ಲೋಳೆ ಅನಿಸಿತು. ಎರಡನೆಯದಕ್ಕೆ ಗಂಟಲಿಗೆ ಹಿತವಾಯಿತು. ಸುತ್ತ ನಿಂತವರು ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು. ಲೋಟ ಖಾಲಿಯಾದ ಕೂಡಲೇ ಗಾಡಿಯವರು ಇನ್ನೂ ಅರ್ಧ ಲೋಟ ಸುರಿದರು. ಅದು ಯಾಪಾ, ಕೊಸರು. ದುಡ್ಡಿಲ್ಲ. ಎಮೊಲಿಯೆಂತೆ ಮಾರುವವರನ್ನು ಸ್ವಂತ ದುಡಿಮೆಯ ಕಿರು ಉದ್ದಿಮೆದಾರರು ಅಂತ ಪೆರು 2014ರಲ್ಲಿ ಕಾನೂನಿನಲ್ಲೇ ಒಪ್ಪಿಕೊಂಡಿತು. ನಮ್ಮ ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದೂ ಅದೇ ವರ್ಷ. ಊರು ಏಳುವ ಮೊದಲೇ ಒಲೆ ಹಚ್ಚುವವರಿಗೆ ಇಷ್ಟು ಮರ್ಯಾದೆಯಾದರೂ ಸಿಗಬೇಕು, ಅಲ್ವಾ?

ಮಧ್ಯಾಹ್ನ ಸೆವಿಚೆ, ಅಂದರೆ ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ತಿಂದೆವು. ಚೆನ್ನಾಗಿತ್ತು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಸಂಜೆಗೆ ಬರುತ್ತೇನೆ.

ಕತ್ತಲಾಗುತ್ತಿದ್ದಂತೆ ಬೀದಿ ಮೂಲೆಗಳಲ್ಲಿ ಹೊಗೆ ಏಳತೊಡಗಿತು. ಅದು ಆಂತಿಕೂಚೊ ಹೊತ್ತು. ದನದ ಗುಂಡಿಗೆಯನ್ನು ಚಪ್ಪಟೆ ತುಂಡುಗಳಾಗಿ ಹೆಚ್ಚಿ, ಆಹಿ ಪಾಂಕಾ ಅನ್ನುವ ಕಡುಗೆಂಪು ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ವಿನೆಗರ್‌ನಲ್ಲಿ ನೆನೆಸಿ, ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತಾರೆ. ವಸಾಹತು ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪಾಲಿಗೆ ಸಿಗುತ್ತಿದ್ದದ್ದು ಒಡೆಯರು ಬೇಡವೆಂದ ಕರುಳು, ಗುಂಡಿಗೆ. ಆ ಜನರ ಕೈಯಲ್ಲೇ ಇದು ಇಷ್ಟು ರುಚಿಯಾಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಲಿಮಾದ ಮಿರಾಫ್ಲೋರೆಸ್ ಬಡಾವಣೆಯ ಬೀದಿಯಲ್ಲಿ ಗಾಡಿ ಇಟ್ಟುಕೊಂಡಿದ್ದ ಗ್ರಿಮಾನೇಸಾ ವಾರ್ಗಾಸ್ ಇದನ್ನು ಸುಟ್ಟೇ ಹೆಸರಾದರು, ಮುಂದೆ ಸ್ವಂತ ಅಂಗಡಿ ತೆರೆದರು.

ನಾವು ನಿಂತಿದ್ದ ಗಾಡಿಯಲ್ಲಿ ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ಸೀಳಿ ಕಟ್ಟಿದ ಒಂದು ಕುಚ್ಚು ಇತ್ತು. ಅದನ್ನು ಮಸಾಲೆಗೆ ಅದ್ದಿ ಮಾಂಸದ ಮೇಲೆ ಹೊಡೆದಾಗಲೆಲ್ಲ ಬೆಂಕಿ ಭಗ್ಗನೆ ಏಳುತ್ತಿತ್ತು. ಗುಂಡಿಗೆಯಲ್ಲಿ ಕೊಬ್ಬು ಕಡಿಮೆ. ಒಂದು ಕ್ಷಣ ಜಾಸ್ತಿ ಬಿಟ್ಟರೂ ಗಟ್ಟಿಯಾಗುತ್ತದೆ. ನನ್ನ ತಟ್ಟೆಗೆ ಬಂದದ್ದು ಹೊರಗೆ ಸುಟ್ಟ ಕಂಪು, ಒಳಗೆ ಮೆತ್ತಗೆ. ಜೊತೆಗೆ ಬೇಯಿಸಿದ ಆಲೂಗಡ್ಡೆ, ದಪ್ಪ ಕಾಳಿನ ಮೆಕ್ಕೆಜೋಳ. ಆಲೂಗಡ್ಡೆಯ ತವರು ಅದೇ ಆಂಡಿಸ್ ಬೆಟ್ಟಗಳು. ಸುಮ್ನೆ ಉಪ್ಪು ಹಾಕಿ ಬೇಯಿಸಿದ್ದಕ್ಕೇ ಅಷ್ಟು ರುಚಿ!

ನನ್ನನ್ನು ಗೆದ್ದದ್ದು ಮಾತ್ರ ಪಕ್ಕದ ಪಿಕರೋನೆಸ್ ಗಾಡಿ. ಸಿಹಿಗುಂಬಳ, ಗೆಣಸು ಬೇಯಿಸಿ ನುಣ್ಣಗೆ ಮಾಡಿ, ಮೈದಾ, ಯೀಸ್ಟ್ ಸೇರಿಸಿ ಉಬ್ಬಲು ಬಿಟ್ಟ ಹಿಟ್ಟು. ತೀರಾ ಸಡಿಲ, ಕೈಯಲ್ಲಿ ನಿಲ್ಲುವುದೇ ಇಲ್ಲ. ಗಾಡಿಯಮ್ಮ ಕೈಯನ್ನು ನೀರಿಗೆ ಅದ್ದಿ, ಬೆರಳುಗಳಲ್ಲಿ ಹಿಟ್ಟು ಎತ್ತಿ, ಹೆಬ್ಬೆರಳಿನಿಂದ ನಡುವೆ ತೂತು ಮಾಡಿ, ಒಂದು ಸುತ್ತು ತಿರುಗಿಸಿ ಎಣ್ಣೆಗೆ ಬಿಡುತ್ತಿದ್ದರು. ನಮ್ಮ ಉದ್ದಿನ ವಡೆಗೆ ಬಾಳೆ ಎಲೆಯ ಆಸರೆಯಾದರೂ ಇರುತ್ತದೆ. ಇಲ್ಲಿ ಗಾಳಿಯಲ್ಲೇ ಆಕಾರ. ಆಮೇಲೆ ತೂತಿಗೆ ಉದ್ದ ಕಡ್ಡಿ ತೂರಿಸಿ ಒಂದೊಂದನ್ನೇ ಮಗುಚುತ್ತಿದ್ದರು.

"ಕಸೆರಿತಾ, ಎಲ್ಲವೂ ಒಂದೇ ಅಳತೆ ಹೇಗೆ ಬರುತ್ತೆ?" ಅಂತ ಸಹೋದ್ಯೋಗಿಯ ಕೈಲಿ ಕೇಳಿಸಿದೆ. ಕಸೆರಿತಾ ಅಂದರೆ ಗಾಡಿಯಮ್ಮನನ್ನು ಅಲ್ಲಿ ಅಕ್ಕರೆಯಿಂದ ಕರೆಯುವ ಮಾತು.

"ಅಳತೆ ನೋಡಲ್ಲ. ಹಿಟ್ಟು ಇವತ್ತು ಎಷ್ಟು ಉಬ್ಬಿದೆ ಅಂತ ಕೈಗೇ ಗೊತ್ತಾಗುತ್ತೆ" ಅಂದರು, ಕೈ ನಿಲ್ಲಿಸದೆ.

ಮೇಲೆ ಚಾಂಕಾಕಾದ ಪಾಕ ಸುರಿದರು. ಅದು ಕಬ್ಬಿನ ಬೆಲ್ಲವೇ. ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ, ಅಂಜೂರದ ಎಲೆ ಹಾಕಿ ಕುದಿಸಿರುತ್ತಾರೆ. ಬೆಲ್ಲದ ಪಾಕ ನನಗೆ ಹೊಸದಲ್ಲ, ಅಂಜೂರದ ಎಲೆಯ ಹಸಿರು ಪರಿಮಳ ಹೊಸದು. ಹೊರಗೆ ಗರಿಗರಿ, ಒಳಗೆ ಗೆಣಸಿನ ಮೃದು. ಬೆರಳಿಗೆಲ್ಲ ಪಾಕ ಅಂಟಿಸಿಕೊಂಡು ಇನ್ನೊಂದು ತಟ್ಟೆ ಹೇಳಿದೆ.

ಅಕ್ಟೋಬರ್‌ನಲ್ಲಿ ಲಿಮಾದಲ್ಲಿ ಸೆನ್ಯೋರ್ ದೆ ಲೋಸ್ ಮಿಲಾಗ್ರೋಸ್, ಅಂದರೆ ಪವಾಡಗಳ ಪ್ರಭು ಅನ್ನುವ ಯೇಸುವಿನ ಚಿತ್ರದ ದೊಡ್ಡ ಮೆರವಣಿಗೆ ನಡೆಯುತ್ತದೆ. ಭಕ್ತರು ನೇರಳೆ ಬಟ್ಟೆ ಉಟ್ಟು ಬರುತ್ತಾರೆ, ದಾರಿಯುದ್ದಕ್ಕೂ ಆಂತಿಕೂಚೊ, ಪಿಕರೋನೆಸ್ ಮಾರುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಆ ಕಡೆ ಹೋಗುವ ಅವಕಾಶ ಸಿಕ್ಕರೆ ಆ ತಿಂಗಳೇ ನೋಡಿಕೊಂಡು ಹೋಗಿ. ಪಿಕರೋನೆಸ್ ಮಾತ್ರ ಬಾಣಲೆಯಿಂದ ಇಳಿದ ತಕ್ಷಣ, ಗಾಡಿಯ ಪಕ್ಕದಲ್ಲೇ ನಿಂತು ತಿನ್ನಿ.